ಟೆಕ್ಸಸ್‌ನಲ್ಲಿ ಕೋವಿ ಇಟ್ಟುಕೊಳ್ಳುವ ನಮ್ಮವರಿಗೆ

ಮಲೆನಾಡಿನಿಂದಲೋ ಕೊಡಗಿನಿಂದಲೋ ಬಂದವರು ಹ್ಯೂಸ್ಟನ್ ಕಡೆ ಮನೆ ಕೊಂಡ ಮೇಲೆ ಒಂದಲ್ಲ ಒಂದು ದಿನ ಕೋವಿ ಕೊಳ್ಳುತ್ತಾರೆ. ಮೊದಲು ಒಂದು. ಆಮೇಲೆ ಸೇಲ್‌ನಲ್ಲಿ ಸಿಕ್ಕಿತು ಅಂತ ಇನ್ನೊಂದು. ಅಜ್ಜನ ಹತ್ತಿರ ಇತ್ತು ಅನ್ನುವ ನೆನಪಿಗೆ ಜೋಡಿ ನಳಿಗೆಯದೊಂದು. ಕೊಳ್ಳುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇಟ್ಟುಕೊಳ್ಳುವುದರಲ್ಲೇ ನಾವು ಎಡವುವುದು.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಎಚ್‌-1ಬಿ (ಕೆಲಸದ ವೀಸಾ), ಎಚ್‌-4 (ಅವರ ಸಂಗಾತಿ, ಮಕ್ಕಳದ್ದು), ಎಫ್‌-1 (ವಿದ್ಯಾರ್ಥಿಗಳದ್ದು) ವೀಸಾದವರು ಕೋವಿಯಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವಂತಿಲ್ಲ. ಅದು ಫೆಡರಲ್ ಕಾನೂನು. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಅದನ್ನು ನಂಬುವ ಮೊದಲು ವಕೀಲರನ್ನು ಕೇಳಿ. ಗ್ರೀನ್ ಕಾರ್ಡ್ ಬಂದವರಿಗೆ ಅಂಗಡಿಯಲ್ಲಿ ಕೊಳ್ಳುವಾಗ ತುಂಬುವ 4473 ಫಾರ್ಮ್, ಹಿನ್ನೆಲೆ ತಪಾಸಣೆ, ಅಷ್ಟೇ. ಆದರೆ ಕೋವಿಯ ಕೇಸಿನಲ್ಲಿ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇದ್ದರೂ ಗಡೀಪಾರು ಆಗಬಹುದು.

ಮನೆಯಲ್ಲಿ ಎಲ್ಲರ ವೀಸಾ ಒಂದೇ ಇರುವುದಿಲ್ಲ, ಅಲ್ವಾ? ಹೆಂಡತಿ ಇನ್ನೂ ಎಚ್‌-4ರಲ್ಲಿದ್ದರೆ ಸೇಫಿನ ನಂಬರ್ ಅವರಿಗೆ ಕೊಡಬೇಡಿ. ಊರಿಂದ ಬಂದ ಅಪ್ಪನಿಗೂ ಇದೇ ಮಾತು. ಇದನ್ನು ಹೇಳುವಾಗ ಬಾಯಿ ಕಟ್ಟುತ್ತದೆ. ಕೊಡವರಿಗೆ ಹುಟ್ಟಿನಿಂದಲೇ ಬಂದ ಹಕ್ಕು ಅದು. ಅವರಿಗೆ ಲೈಸೆನ್ಸ್ ಬೇಡ ಅನ್ನುವ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿದ್ದಾರೆ. ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿಗೆ ತೋಕ್ ಪೂ (ಕೋವಿ ಹೂ) ಮುಡಿಸಿ ಪೂಜೆ ಮಾಡಿದ ಕೈ ಅದು. ಆ ಹಿರಿಯರು ವಿಸಿಟರ್ ವೀಸಾದಲ್ಲಿ ಬಂದು ಮಗನ ಕೋವಿಯನ್ನು ಕೈಯಲ್ಲಿ ಹಿಡಿದರೆ ಇಲ್ಲಿ ಅದು ಅಪರಾಧವಾಗಬಹುದು. ಆಯುಧಪೂಜೆ ನೀವೇ ಮಾಡಿ. ಅಪ್ಪನನ್ನು ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸಿ. ಅವರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ. ಅಂದಹಾಗೆ, ಕುಂಕುಮವನ್ನು ಸಂಜೆಯೇ ಒರೆಸಿ ಎಣ್ಣೆ ಸವರಿ. ಒದ್ದೆ ಕುಂಕುಮ ಹಾಗೇ ಬಿಟ್ಟರೆ ನಳಿಗೆಗೆ ತುಕ್ಕು.

ಈಗ ಇನ್ಶೂರೆನ್ಸ್. ಅದಕ್ಕೆ ಮೊದಲು ಬೇಕಾದದ್ದು ಒಂದು ಪಟ್ಟಿ. ಊರಲ್ಲಿ ಚುನಾವಣೆ ಬಂದಾಗಲೆಲ್ಲ ಬೆಳೆ ರಕ್ಷಣೆಯ ಕೋವಿಯನ್ನು ಠಾಣೆಗೆ ಕೊಟ್ಟು ರಸೀದಿ ತರುತ್ತಿದ್ದೆವು. ಯಾರ ಮನೆಯಲ್ಲಿ ಎಷ್ಟಿದೆ ಅಂತ ಠಾಣೆಗೂ ಗೊತ್ತು, ಊರಿಗೂ ಗೊತ್ತು. ನಾವು ಲೆಕ್ಕ ಇಡಬೇಕಾಗಿಯೇ ಇರಲಿಲ್ಲ. ಇಲ್ಲಿ ಹಾಗಲ್ಲ. ಟೆಕ್ಸಸ್‌ನಲ್ಲಿ ಕೋವಿಗಳ ನೋಂದಣಿ ಪಟ್ಟಿಯೇ ಇಲ್ಲ. ಕಳುವಾದ ದಿನ ಪೊಲೀಸರು ಮೊದಲು ಕೇಳುವುದು ಸೀರಿಯಲ್ ನಂಬರ್. ಅದನ್ನು ನೀವು ಬರೆದಿಡದಿದ್ದರೆ ಇನ್ಶೂರೆನ್ಸಿನವರ ಮುಂದೆ ನಿಮ್ಮದು ಬರೀ ಬಾಯಿಮಾತು. ಆದ್ದರಿಂದ ಪ್ರತಿ ಕೋವಿಯ ತಯಾರಕರು, ಮಾದರಿ, ಸೀರಿಯಲ್ ನಂಬರ್, ಕೊಂಡ ಬೆಲೆ ಬರೆಯಿರಿ. ರಸೀದಿ, ಫೋಟೋ ಜೊತೆಗಿರಲಿ. ಅದಕ್ಕೆಂದೇ ಕೋವಿ ಕಾನೂನು ನೋಡಿಕೊಳ್ಳುವ ಫೆಡರಲ್ ಸಂಸ್ಥೆ ಎಟಿಎಫ್‌ನವರ ಒಂದು ಫಾರ್ಮ್ ಇದೆ, ಯಾರಿಗೂ ಕಳಿಸಬೇಕಾಗಿಲ್ಲ. ಒಂದು ಪ್ರತಿ ಮನೆಯ ಹೊರಗೆ ಎಲ್ಲಾದರೂ ಇಡಿ. ಸುಟ್ಟ ಮನೆಯೊಳಗಿನ ಪಟ್ಟಿ ಯಾರಿಗೆ ಬೇಕು?

‘ಮನೆಗೆ ಪಾಲಿಸಿ ಇದೆಯಲ್ಲ’ ಅಂತ ನಾವೆಲ್ಲ ನೆಮ್ಮದಿಯಾಗಿರುತ್ತೇವೆ. ಆ ಪಾಲಿಸಿಯನ್ನು ತೆರೆದು ನೋಡಿ. ಸಾಮಾನ್ಯವಾಗಿ ಬಳಸುವ ನಮೂನೆಯಲ್ಲಿ, ಕಳುವಾದ ಕೋವಿಗಳಿಗೆಲ್ಲ ಸೇರಿ ಸಿಗುವುದು 2,500 ಡಾಲರ್. ದುರ್ಬೀನು ಮುಂತಾದ ಸಲಕರಣೆಗಳೂ ಅದರೊಳಗೇ. ಒಡವೆಗೆ ಇನ್ನೂ ಕಡಿಮೆ, 1,500. ಮಗಳ ಮದುವೆಗೆ ಅಂತ ಕೂಡಿಟ್ಟ ಬಂಗಾರಕ್ಕೆ 1,500 ಡಾಲರ್! ನಮ್ಮ ಗೆಳೆಯರ ಬಳಗದಲ್ಲಿ ಹತ್ತು ಸಲ ಹೇಳಿದ್ದೇನೆ, ತಲೆಯಾಡಿಸುತ್ತಾರೆ, ಯಾರೂ ಏಜೆಂಟಿಗೆ ಫೋನ್ ಮಾಡುವುದಿಲ್ಲ. ಕಂಪನಿಯಿಂದ ಕಂಪನಿಗೆ ಮಿತಿ ಬೇರೆ, ನಿಮ್ಮದರಲ್ಲಿ ಎಷ್ಟಿದೆ ನೋಡಿ. ಹೆಚ್ಚಿಗೆ ಬೆಲೆಯವನ್ನು ಒಂದೊಂದಾಗಿ ಹೆಸರಿಸಿ ಪಾಲಿಸಿಗೆ ಸೇರಿಸಬಹುದು. ಇಲ್ಲಿ ಅದಕ್ಕೆ ಶೆಡ್ಯೂಲ್ ಮಾಡಿಸುವುದು ಅನ್ನುತ್ತಾರೆ. ಹಳೆಯ ಅಪರೂಪದ ಕೋವಿಗೆ ಬೆಲೆ ಕಟ್ಟಿಸಿದ ಪತ್ರ ಕೇಳುತ್ತಾರೆ. ಹ್ಯೂಸ್ಟನ್‌ನವರು ಇನ್ನೊಂದು ಕೇಳಲೇಬೇಕು: ನೆರೆ ನೀರಿಗೆ ಏನು? ಮಾಮೂಲಿ ಮನೆ ಪಾಲಿಸಿ ಪ್ರವಾಹಕ್ಕೆ ಕೊಡುವುದಿಲ್ಲ. 2017ರ ಹಾರ್ವೆ ಚಂಡಮಾರುತದಲ್ಲಿ ಎಷ್ಟೋ ಮನೆಯವರು ಇದನ್ನು ಕಲಿತದ್ದು ನೀರು ಇಳಿದ ಮೇಲೆ.

ಸೇಫನ್ನು ನೆಲದ ಕಾಂಕ್ರೀಟಿಗೆ ಬೋಲ್ಟ್ ಹಾಕಿ ಕೂರಿಸಿ. ಇಲ್ಲವಾದರೆ ಕಳ್ಳ ಸೇಫನ್ನೇ ಟ್ರಾಲಿಯಲ್ಲಿ ತಳ್ಳಿಕೊಂಡು ಹೋಗುತ್ತಾನೆ. ಬೆಂಕಿ ತಡೆಯುವ ಸೇಫಿನ ಒಳಗೆ ಹಾಕಿರುವ ಜಿಪ್ಸಂ ಹಲಗೆ ತೇವ ಹಿಡಿಯುತ್ತದೆ, ಸಿಲಿಕಾ ಪೊಟ್ಟಣ ಬದಲಿಸುತ್ತಿರಿ. ಬೀರುವಿನ ಸೀರೆಯ ಅಡಿ, ಅಕ್ಕಿ ಡಬ್ಬದ ಹಿಂದೆ, ಅಟ್ಟದ ಮೇಲೆ, ಈ ನಮ್ಮೂರ ಬುದ್ಧಿ ಬಿಡಿ. ಕಾರಿನಲ್ಲಂತೂ ರಾತ್ರಿ ಬಿಡಲೇಬೇಡಿ. ಈ ದೇಶದಲ್ಲಿ ಕಳುವಾಗುವ ಕೋವಿಗಳಲ್ಲಿ ದೊಡ್ಡ ಪಾಲು ಕಾರುಗಳಿಂದಲೇ. ಹೊಸ ಕೋವಿಯ ಜೊತೆ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕುವುದನ್ನೂ ನಿಲ್ಲಿಸಿ.

ಕಳ್ಳನಿಗಿಂತ ನನಗೆ ಜಾಸ್ತಿ ಹೆದರಿಕೆ ಮಕ್ಕಳದ್ದು. ಗುಂಡು ಹಾರುವ ಸ್ಥಿತಿಯಲ್ಲಿರುವ ಕೋವಿಯನ್ನು ಬೀಗ ಹಾಕದೆ ಬಿಟ್ಟು ಅದು 17 ತುಂಬದ ಮಗುವಿನ ಕೈಗೆ ಸಿಕ್ಕರೆ ಟೆಕ್ಸಸ್‌ನಲ್ಲಿ ದೊಡ್ಡವರ ಮೇಲೆ ಕೇಸು. ಊರಲ್ಲಿ ಕೋವಿ ಗೋಡೆಯ ಮೊಳೆಗೆ ತೂಗುತ್ತಿತ್ತು, ನಾವು ಮುಟ್ಟುತ್ತಿರಲಿಲ್ಲ ಅನ್ನುತ್ತೀರಿ. ನಿಜ. ಆದರೆ ಮನೆ ತುಂಬ ಜನ ಇದ್ದರು. ಅಜ್ಜಿಯ ಕಣ್ಣು ತಪ್ಪಿಸಿ ಹೋಗುವುದು ಸಾಧ್ಯವೇ ಇರಲಿಲ್ಲ. ಇಲ್ಲಿ ಇಬ್ಬರೂ ಕೆಲಸಕ್ಕೆ ಹೋದ ಮನೆಗೆ ಮಗು ಒಂದೇ ಬಂದು ಬಾಗಿಲು ತೆರೆಯುತ್ತದೆ. ಅಜ್ಜಿಯ ಜಾಗದಲ್ಲಿ ನಿಮಗೆ ಉಳಿದಿರುವುದು ಸೇಫ್.

ಮಗಳ ಗೆಳತಿಯ ತಾಯಿ ಆಟಕ್ಕೆ ಕಳಿಸುವ ಮೊದಲು, ‘ನಿಮ್ಮಲ್ಲಿ ಗನ್ ಇದೆಯಾ, ಬೀಗ ಹಾಕಿದೆಯಾ’ ಅಂತ ಕೇಳಿಯಾಳು. ಮಕ್ಕಳ ಡಾಕ್ಟರೂ ಕೇಳುತ್ತಾರೆ. ನಮ್ಮವರು ಇದಕ್ಕೆ ಸಿಟ್ಟಾಗುತ್ತಾರೆ, ಬಣ್ಣ ನೋಡಿ ಕೇಳಿದರು ಅಂದುಕೊಳ್ಳುತ್ತಾರೆ. ಸುಮ್ನೆ ಉತ್ತರ ಕೊಡಿ. ನೀವೂ ಅವರನ್ನು ಕೇಳಿ.

ಕೊನೆಗೆ, ನಿಮ್ಮ ನಂತರ ಇವು ಯಾರಿಗೆ? ಊರಿಂದ ಅಜ್ಜನ ಕೋವಿ ತರುತ್ತೇನೆ ಅನ್ನುವ ಆಸೆ ಬಿಡಿ. ಅಲ್ಲಿಂದ ಕಳಿಸಲು ಒಪ್ಪಿಗೆ, ಇಲ್ಲಿ ಇಳಿಸಲು ಎಟಿಎಫ್ ಪರವಾನಗಿ, ಎರಡೂ ಬೇಕು. ನೂರು ವರ್ಷ ದಾಟಿದ್ದರೆ ಭಾರತದ 1972ರ ಪುರಾತನ ವಸ್ತುಗಳ ಕಾಯ್ದೆಯೂ ಅಡ್ಡ ಬರಬಹುದು. ಇಲ್ಲಿ ಕೊಂಡವನ್ನು ಉಯಿಲಿನಲ್ಲಿ ಬರೆಯಿರಿ. ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿದ್ದರೆ ಅಲ್ಲಿನ ನಿಯಮ ಬೇರೆ, ವಕೀಲರಿಗೆ ಮೊದಲೇ ಹೇಳಿ. ನನ್ನ ಮಗಳಿಗೆ ಒಂದೂ ಬೇಡವಂತೆ. ಪಟ್ಟಿಯ ಕೆಳಗೆ ಲೈಸೆನ್ಸ್ ಇರುವ ಒಂದು ಕೋವಿ ಅಂಗಡಿಯ ನಂಬರ್ ಬರೆದಿದ್ದೇನೆ. ಅವರಿಗೆ ಮಾರಿ ಬಂದ ದುಡ್ಡನ್ನು ಅವಳು ಏನಾದರೂ ಮಾಡಿಕೊಳ್ಳಲಿ.