ಮಲೆನಾಡಿನಿಂದ ಕಿಡ್ನಿಯ ಪಟ್ಟಿಗೆ ಹೆಸರು ಬರೆಸುವವರಿಗೆ

ಮೃತ ದಾನಿಯ ಕಿಡ್ನಿಗಾಗಿ ಹೆಸರು ಬರೆಸಲು ಹೊರಟವರು, ಇದು ಪಡಿತರ ಅಂಗಡಿಯಂತೆ ಮೊದಲು ಬಂದವರಿಗೆ ಮೊದಲು ಕೊಡುವ ಸರದಿಯಲ್ಲವೆಂಬುದನ್ನು ತಿಳಿದಿರಬೇಕು. ಕರ್ನಾಟಕದಲ್ಲಿ ಈ ಪಟ್ಟಿಯನ್ನು ಜೀವಸಾರ್ಥಕತೆ ಸಂಸ್ಥೆ ನಿರ್ವಹಿಸುತ್ತದೆ. ಕಸಿಗೆ ಪರವಾನಗಿಯಿರುವ ಆಸ್ಪತ್ರೆಯ ಮೂಲಕವೇ ನೋಂದಾಯಿಸಿಕೊಳ್ಳಬೇಕು.

ನೋಂದಣಿಗೆ ಹೋಗುವಾಗ ಮೊದಲ ಡಯಾಲಿಸಿಸ್ ಆದ ದಿನದ ಚೀಟಿಯನ್ನು ತಪ್ಪದೆ ಒಯ್ಯಿರಿ. ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಡಯಾಲಿಸಿಸ್‌ನಲ್ಲಿ ಕಳೆದ ತಿಂಗಳುಗಳಿಗೆ ಅಂಕವಿದೆ; ಅಂಕ ಹೆಚ್ಚಿದಷ್ಟೂ ಹೆಸರು ಪಟ್ಟಿಯಲ್ಲಿ ಮೇಲೇರುತ್ತದೆ. ಮಕ್ಕಳಿಗೆ, ಫಿಸ್ಟುಲಾ (ಡಯಾಲಿಸಿಸ್‌ ಸೂಜಿ ಚುಚ್ಚಲು ಎರಡು ರಕ್ತನಾಳಗಳನ್ನು ಸೇರಿಸಿ ಮಾಡುವ ಜೋಡಣೆ) ಮಾಡಲು ರಕ್ತನಾಳವೇ ಉಳಿಯದವರಿಗೆ, ಹಿಂದೆ ತಾವೇ ಕಿಡ್ನಿ ದಾನ ಮಾಡಿ ಈಗ ರೋಗಿಗಳಾದವರಿಗೆ ಹೆಚ್ಚುವರಿ ಅಂಕ ಸಿಗುತ್ತದೆ. ಶಾಸಕರ ಶಿಫಾರಸು ಪತ್ರಕ್ಕೆ ಅಲ್ಲಿ ಅಂಕವಿಲ್ಲ. ಹೊಸನಗರದ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದು, ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿ ಹೋಗುವವರ ಚೀಟಿಗಳು ಮಳೆಗಾಲದಲ್ಲಿ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದನ್ನು ನೋಡಿದ್ದೇನೆ. ಆದ್ದರಿಂದ ಫೋಟೊ ತೆಗೆದಿಡಿ.

‘ಓ’ ರಕ್ತದ ಗುಂಪಿನ ದಾನಿಯ ಕಿಡ್ನಿ ಉಳಿದ ಗುಂಪಿನವರಿಗೂ ಹೊಂದುತ್ತದೆ, ಆದರೆ ‘ಓ’ ಗುಂಪಿನ ರೋಗಿಗೆ ಸಾಮಾನ್ಯವಾಗಿ ‘ಓ’ ಗುಂಪಿನದೇ ಆಗಬೇಕು. ಅದನ್ನು ಮೊದಲು ಅವರಿಗೇ ಕೊಡುವುದರಲ್ಲಿ ಪಕ್ಷಪಾತವಿಲ್ಲ.

ನಿಯಮ ಎಲ್ಲರಿಗೂ ಒಂದೇ ಆದರೂ ದಾರಿ ಒಂದೇ ಅಲ್ಲ. ಹೊರತೆಗೆದ ಕಿಡ್ನಿಯನ್ನು ಸುಮಾರು ಒಂದು ದಿನದೊಳಗೆ ಕಸಿ ಮಾಡುವುದು ಒಳ್ಳೆಯದಾದ್ದರಿಂದ, ರಾತ್ರಿ ಎರಡು ಗಂಟೆಗೆ ಬಂದ ಕರೆಗೆ ಉತ್ತರ ಸಿಗದಿದ್ದರೆ ಮುಂದಿನ ಹೆಸರಿಗೆ ಹೋಗದೆ ವಿಧಿಯಿಲ್ಲ. ಇದು ಕ್ರೂರವೆನಿಸಿದರೂ, ಕಾಯುತ್ತ ಕಿಡ್ನಿಯನ್ನೇ ಕೆಡಿಸುವುದಕ್ಕಿಂತ ನ್ಯಾಯವೆಂದು ನನ್ನ ಭಾವನೆ. ನೆಟ್‌ವರ್ಕ್ ಸಿಗದ ಕಣಿವೆಯ ಮನೆಯವರು ಗುಡ್ಡದ ಮೇಲಿನ ಮನೆಯವರ, ಪೇಟೆಯಲ್ಲಿರುವ ನೆಂಟರ ನಂಬರುಗಳನ್ನೂ ಆಸ್ಪತ್ರೆಯ ಕಸಿ ಸಂಯೋಜಕರಿಗೆ ಬರೆಸಿರಬೇಕು. ಆಗುಂಬೆ, ತೀರ್ಥಹಳ್ಳಿ ಕಡೆಯವರಿಗೆ ಬೆಂಗಳೂರಿಗಿಂತ ಘಟ್ಟದ ಕೆಳಗಿನ ಮಣಿಪಾಲ ಹತ್ತಿರ. ಆಸ್ಪತ್ರೆ ಆರಿಸುವಾಗ ಆಷಾಢದ ಘಾಟಿ ರಸ್ತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕರೆ ಬಂತೆಂದರೆ ಕಿಡ್ನಿ ಸಿಕ್ಕಿತೆಂದಲ್ಲ. ಒಂದೇ ಕಿಡ್ನಿಗೆ ಹಲವರನ್ನು ಕರೆಸಿ, ದಾನಿಯ ಜೀವಕೋಶಗಳಿಗೆ ರೋಗಿಯ ರಕ್ತ ಎದುರು ಬೀಳುತ್ತದೆಯೇ ಎಂದು ಕ್ರಾಸ್‌ಮ್ಯಾಚ್ ಪರೀಕ್ಷೆ ಮಾಡುತ್ತಾರೆ. ಹೊಂದದಿದ್ದರೆ ಮೇಲಿನ ಹೆಸರಿನವರೂ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಹಾಗೆ ಮರಳಿದವರ ಹೆಸರು ಪಟ್ಟಿಯಲ್ಲೇ ಇರುತ್ತದೆ. ಆದರೆ ಜ್ವರ, ಸೋಂಕಿನಂಥ ತೊಂದರೆ ಬಂದಾಗ ಹೆಸರನ್ನು ತಾತ್ಕಾಲಿಕವಾಗಿ ತಡೆಹಿಡಿಯುವುದುಂಟು. ಗುಣವಾದ ಕೂಡಲೇ ಸಂಯೋಜಕರಿಗೆ ತಿಳಿಸಿ, ಅದು ಮತ್ತೆ ಚಾಲ್ತಿಗೆ ಬಂದಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.