ಗಡಿ ಮುಚ್ಚಿದ ವರ್ಷ ನಾನು ಹಪ್ಪಳ ಕಲಿತದ್ದು

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಪೆರ್ಲದ ಹತ್ತಿರ. ಅಡ್ಕಸ್ಥಳ ದಾಟಿದರೆ ಸಾರಡ್ಕ, ಅಲ್ಲಿಂದ ಆಚೆ ಕರ್ನಾಟಕ. ನನ್ನ ತವರುಮನೆ ಅಡ್ಯನಡ್ಕದಿಂದ ಸ್ವಲ್ಪ ಮುಂದೆ, ವಿಟ್ಲಕ್ಕೆ ಹೋಗುವ ಕಡೆ. ಮದುವೆಯಾಗಿ ಬಂದು ಹತ್ತೊಂಬತ್ತು ವರ್ಷವಾದರೂ ಗಡಿ ಎಂಬುದೊಂದು ಇದೆಯೆಂದು ನನಗೆ ಅನಿಸಿದ್ದೇ ಇರಲಿಲ್ಲ. ಅಡಕೆ ಮಾರುವುದು ಆಚೆ, ರೇಷನ್ ತರುವುದು ಈಚೆ, ಮದುವೆ ಮುಂಜಿ ಎರಡೂ ಕಡೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಅಮ್ಮ ಹಲಸಿನ ಹಪ್ಪಳ ಮಾಡಿ, ಇಪ್ಪತ್ತೈದರ ಕಟ್ಟು ಬಾಳೆನಾರಿನಲ್ಲಿ ಕಟ್ಟಿ, ಯಾರಾದರೂ ಈ ಕಡೆ ಬರುವವರ ಕೈಯಲ್ಲಿ ಕಳಿಸುತ್ತಿದ್ದಳು. ಅತ್ತೆ ಮೊದಲು ಮಾಡುತ್ತಿದ್ದರಂತೆ. ಮೊಣಕಾಲು ಕೈಕೊಟ್ಟ ಮೇಲೆ ಬಿಟ್ಟರು. ಹೀಗಾಗಿ ನಲವತ್ತು ದಾಟಿದ ನನಗೆ ಹಪ್ಪಳ ಮಾಡಲು ಬರುತ್ತಿರಲಿಲ್ಲ.

2020ರ ಮಾರ್ಚ್ 20ಕ್ಕೆ ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಅರ್ಧದಲ್ಲಿ ನಿಂತಿತು. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಬಾಕಿ. ಕಾಸರಗೋಡಿನಲ್ಲಿ ರೋಗ ಹೆಚ್ಚಿದ್ದರಿಂದ ನಮ್ಮ ಜಿಲ್ಲೆಗೆ ಬಿಗಿ ಮೊದಲೇ ಶುರುವಾಯಿತು; ಅಂಗಡಿಗಳು ಬೆಳಗ್ಗೆ 11ರಿಂದ ಸಂಜೆ 5ರವರೆಗೆ ಮಾತ್ರ. 22ಕ್ಕೆ ಜನತಾ ಕರ್ಫ್ಯೂ, ಮರುದಿನ ಕೇರಳಕ್ಕೆ ಲಾಕ್‌ಡೌನ್, 25ರಿಂದ ಇಡೀ ದೇಶಕ್ಕೆ. ಆ ವಾರದಲ್ಲೇ, ಯಾರೂ ದಾಟದ ಹಾಗೆ, ಗಡಿಯ ರಸ್ತೆಗಳಿಗೆ ಮಣ್ಣು ಬಿತ್ತು. ಲಾರಿಯಲ್ಲಿ ತಂದು ಸುರಿದ ಕೆಂಪು ಮಣ್ಣು, ಆಳೆತ್ತರ. ತಮ್ಮ ಫೋನಿನಲ್ಲಿ ಫೋಟೋ ಕಳಿಸಿದಾಗ ಯಾವುದೋ ರಸ್ತೆ ಕೆಲಸದ್ದು ಎಂದುಕೊಂಡೆ. ಮಣ್ಣಿನ ಹಿಂದೆ ಕಾಣುತ್ತಿದ್ದ ತಿರುವಿನ ಗುರುತು ಸಿಕ್ಕ ಮೇಲೆ ಕೈಕಾಲು ತಣ್ಣಗಾಯಿತು.

ಹೊರಗಿನವರಿಗೆ ಇದು ಎಷ್ಟು ಅರ್ಥವಾಗುತ್ತದೋ ಗೊತ್ತಿಲ್ಲ. ನಮಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. ಹೆರಿಗೆ, ಹೃದಯ, ಡಯಾಲಿಸಿಸ್, ಯಾವುದಕ್ಕೂ ಅಲ್ಲಿಗೇ. ಆಂಬುಲೆನ್ಸ್ ಮಂಗಳೂರು ದಾರಿಯ ಗಡಿ ತಲಪಾಡಿಯಿಂದ ಹಿಂದೆ ಬಂದು ಜೀವ ಹೋದವರ ಸುದ್ದಿ ಒಂದರ ಮೇಲೊಂದು ಬರುತ್ತಿತ್ತು. ಏಪ್ರಿಲ್ 7ಕ್ಕೆ ಸುಪ್ರೀಂ ಕೋರ್ಟಿನಲ್ಲಿ ವಿಷಯ ಒಂದು ದಡ ಸೇರಿ, ತುರ್ತು ರೋಗಿಗಳನ್ನು ತಲಪಾಡಿಯಲ್ಲಿ ತಪಾಸಣೆ ಮಾಡಿ ಬಿಡುವುದೆಂದು ಆಯಿತು. ಅದರ ಹಿಂದಿನ ದಿನವೇ ನಮ್ಮ ಉಕ್ಕಿನಡ್ಕದಲ್ಲಿ, ವರ್ಷಗಟ್ಟಲೆ ಕಟ್ಟಡವಾಗಿಯೇ ನಿಂತಿದ್ದ ಮೆಡಿಕಲ್ ಕಾಲೇಜು, ಕೋವಿಡ್ ಆಸ್ಪತ್ರೆಯಾಗಿ ಬಾಗಿಲು ತೆರೆಯಿತು. ತಿರುವನಂತಪುರದಿಂದ ಡಾಕ್ಟರುಗಳು ಬಂದರು. ಅಷ್ಟು ದೂರದಿಂದ ಬಂದವರು ನಮ್ಮ ಊರಿನ ಸೆಖೆಯಲ್ಲಿ ಆ ಪ್ಲಾಸ್ಟಿಕ್ ಅಂಗಿ ಹಾಕಿಕೊಂಡು ನಿಂತಿದ್ದಾರಲ್ಲ ಎಂದು ಅತ್ತೆ ದಿನಾ ದೇವರಿಗೆ ದೀಪ ಇಡುವಾಗ ಹೇಳುತ್ತಿದ್ದರು.

ಅತ್ತೆಯ ಬಿಪಿ ಮಾತ್ರೆಯೂ ಮಂಗಳೂರಿನ ಡಾಕ್ಟರು ಬರೆದದ್ದು. ಹನ್ನೆರಡು ಮಾತ್ರೆ ಉಳಿದಿತ್ತು. ಪೆರ್ಲದಲ್ಲಿ ಆ ಹೆಸರಿನದ್ದು ಇಲ್ಲವೆಂದರು, ಬದಿಯಡ್ಕದಲ್ಲೂ ಇಲ್ಲ. ಆಗ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಇಷ್ಟೆ: ಮಾತ್ರೆಯ ಪಟ್ಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಔಷಧದ ನಿಜವಾದ ಹೆಸರು ಇರುತ್ತದೆ, ಅದನ್ನೂ ಮಿಲಿಗ್ರಾಮನ್ನೂ ಓದಿ ಹೇಳಿ. ಆಮ್ಲೋಡಿಪಿನ್, 5 ಮಿಲಿಗ್ರಾಂ ಎಂದು ಓದಿದೆ. ಯಾವ ಕಂಪೆನಿಯದ್ದಾದರೂ ಪರವಾಗಿಲ್ಲ, ಇದೇ ಹೆಸರು, ಇದೇ ಅಳತೆ ಕೇಳಿ ತೆಗೆದುಕೊಳ್ಳಿ ಎಂದರು. ಮೊದಲು ಇಲ್ಲ ಎಂದ ಅಂಗಡಿಯಲ್ಲೇ ಎರಡು ತಿಂಗಳಿಗಾಗುವಷ್ಟು ಸಿಕ್ಕಿತು. ಆ ದಿನವೇ ಮನೆಯಲ್ಲಿರುವ ಎಲ್ಲ ಮಾತ್ರೆಗಳ ನಿಜ ಹೆಸರನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ. ಈಗಲೂ ಪ್ರತಿ ಜನವರಿಯಲ್ಲಿ ಹೊಸ ಕ್ಯಾಲೆಂಡರಿಗೆ ನಕಲು ಮಾಡುತ್ತೇನೆ.

ಊಟಕ್ಕೆ ಕಷ್ಟವಾಗಲಿಲ್ಲ ಎಂದೇ ಹೇಳಬೇಕು. ರೇಷನ್ ಅಂಗಡಿಯಲ್ಲಿ ಅಕ್ಕಿ ಕೊಟ್ಟರು, ಆಮೇಲೆ ಹದಿನೇಳು ಸಾಮಾನಿನ ಕಿಟ್ಟೂ ಬಂತು. ಹೆಸರು, ಕಡಲೆ, ರವೆ, ಚಹಾಪುಡಿ, ಸಾಬೂನಿನವರೆಗೆ. ಅಟ್ಟದಲ್ಲಿ ಬಾಳೆನಾರಿಗೆ ಕಟ್ಟಿ ತೂಗುಹಾಕಿದ ಸೌತೆಕಾಯಿಗಳಿದ್ದವು. ಹಿತ್ತಲಲ್ಲಿ ಬಸಳೆ, ತೋಡಿನ ಬದಿಯಲ್ಲಿ ಒಂದೆಲಗ. ಒಂದು ದಿನ ಸಂಘದಲ್ಲಿ ಹಾಲು ಬೇಡವೆಂದರು. ಆ ಹಾಲನ್ನೆಲ್ಲ ಹೆಪ್ಪು ಹಾಕಿ ಬೆಣ್ಣೆ ತೆಗೆದು, ಮಜ್ಜಿಗೆಯನ್ನು ಕೆಳಗಿನ ಎರಡು ಮನೆಗೆ ಕೊಟ್ಟೆ. ಕೈಯಲ್ಲಿ ದುಡ್ಡು ಮಾತ್ರ ಇರಲಿಲ್ಲ. ಅಡಕೆ ಅಂಗಡಿ ಮುಚ್ಚಿತ್ತು, ಸುಲಿಯುವವರು ಬರುವಂತಿರಲಿಲ್ಲ. ಬಿಸು ಹಬ್ಬದ ಬೆಳಗ್ಗೆ ಎದ್ದು ಮೊದಲು ನೋಡುವ ಕಣಿಗೆ ಅಂಗಡಿಯಿಂದ ಏನೂ ತಾರದೆ ಸೌತೆ, ತೆಂಗಿನಕಾಯಿ, ಹಲಸಿನ ಒಂದು ಎಳೆ ಗುಜ್ಜೆ, ಕೊನ್ನೆ ಹೂ ಇಟ್ಟೆವು.

ಬಿಸು ಕಳೆದ ಮರುದಿನ ಅಮ್ಮ ಫೋನಿನಲ್ಲಿ, ಈ ವರ್ಷ ನಿನಗೆ ಹಪ್ಪಳ ಹೇಗೆ ಕಳಿಸಲಿ ಎಂದು ಕೇಳಿ ಅತ್ತಳು. ರೋಗಕ್ಕೆ ಅತ್ತದ್ದಲ್ಲ, ಮಣ್ಣಿಗೂ ಅಲ್ಲ, ಹಪ್ಪಳಕ್ಕೆ. ನಾನೇ ಮಾಡುತ್ತೇನೆ ಬಿಡು ಎಂದುಬಿಟ್ಟೆ.

ಮನೆಯ ಹಿಂದೆ ಮೂರು ಹಲಸಿನ ಮರ. ಎರಡು ಗಟ್ಟಿ ಸೊಳೆಯ ಬಕ್ಕೆ, ಒಂದು ಮೆತ್ತನೆ ಸೊಳೆಯ ತುಳುವ. ಮರ ಹತ್ತುವವನನ್ನು ಕರೆಯುವ ಹಾಗಿಲ್ಲ. ಇವರು ಏಣಿಯಿಟ್ಟು ಹತ್ತಿ, ತೊಟ್ಟಿಗೆ ಹಗ್ಗ ಬಿಗಿದು, ಹಗ್ಗದ ಇನ್ನೊಂದು ತುದಿಯನ್ನು ಕೊಂಬೆಯ ಮೇಲಿಂದ ಇಳಿಬಿಟ್ಟರು. ಮಗನೂ ನಾನೂ ಕೆಳಗೆ ಹಿಡಿದುಕೊಂಡೆವು. ತೊಟ್ಟು ಕಡಿದ ಮೇಲೆ ನಿಧಾನಕ್ಕೆ ಹಗ್ಗ ಬಿಡಬೇಕು. ಕಾಯಿ ನೆಲಕ್ಕೆ ಬಿದ್ದರೆ ಒಳಗೆ ಜಜ್ಜಿದ ಕಡೆ ಸೊಳೆ ಕಪ್ಪಾಗುತ್ತದೆ.

ಮೊದಲ ಸಲ ನಾನು ಆರಿಸಿದ್ದು ಎಳೆಯ ಕಾಯಿ. ಹಪ್ಪಳ ತಟ್ಟುವಾಗಲೇ ಅಂಚು ಒಡೆಯಿತು, ಒಣಗಿದ ಮೇಲೆ ನಾರು ನಾರು. ಎರಡನೆಯ ಸಲ ಹೆದರಿ ತೀರಾ ಬೆಳೆದದ್ದನ್ನು ತೆಗೆದೆ. ಒಳಗೆ ಸಿಹಿ ಬರಲು ಶುರುವಾಗಿತ್ತು. ಆ ಹಪ್ಪಳ ಎಣ್ಣೆಗೆ ಬಿದ್ದ ಕೂಡಲೇ ಕೆಂಪಾಗಿ ಕರಟಿತು, ಬಾಯಲ್ಲಿ ಅಂಟಿತು. ಎರಡು ದಿನದ ಕೆಲಸ, ಐದು ಕಾಯಿ ಹಾಳು. ಆಗ ಅತ್ತೆ ಕುರ್ಚಿಯನ್ನು ಹಿತ್ತಿಲ ಬಾಗಿಲಿಗೆ ಹಾಕಿಸಿಕೊಂಡು ಕೂತರು.

"ಕೂಸೇ, ಮುಳ್ಳು ನೋಡು" ಎಂದರು. ಬೆಳೆದ ಕಾಯಿಯ ಮುಳ್ಳು ಚಪ್ಪಟೆಯಾಗಿ ಒಂದಕ್ಕೊಂದು ದೂರ ಸರಿದಿರುತ್ತದೆ. ಬೆರಳ ಗಿಣ್ಣಿನಿಂದ ತಟ್ಟಿದರೆ ಎಳೆಯದ್ದು ಗಟ್ಟಿ ಸದ್ದು ಕೊಡುತ್ತದೆ, ಬೆಳೆದದ್ದು ಡಬ್ಬೆಂದು ಪೊಳ್ಳು ಸದ್ದು. ವಾಸನೆ ಬಂದರೆ ಹೊತ್ತು ಮೀರಿತು. ಕೊಯ್ದು ನೋಡಿದರೆ ಸೊಳೆ ಬಿಳಿಯಿಂದ ತೆಳು ಹಳದಿಗೆ ತಿರುಗುತ್ತಿರಬೇಕು, ಬೇಳೆಯ, ಅಂದರೆ ಬೀಜದ, ಸಿಪ್ಪೆ ಗಟ್ಟಿಯಾಗಿರಬೇಕು, ಕಚ್ಚಿದರೆ ಸಿಹಿ ಇರಬಾರದು. ಮೂರನೆಯ ಸಲ ಅತ್ತೆ ಒಂದೊಂದು ಕಾಯಿಯನ್ನೂ ಕಾಲ ಬಳಿ ಉರುಳಿಸಿಕೊಂಡು ತಟ್ಟಿ ನೋಡಿದ ಮೇಲೆಯೇ ಕತ್ತಿ ಹಾಕಿದ್ದು.

ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿ, ಕೆಳಗೆ ಹಳೆಯ ಪೇಪರು ಹಾಸಿ ಹೆಚ್ಚಿದೆವು. ನಡುವಿನ ಗೂಂಜು ತೆಗೆಯುವಾಗ ಮೇಣವನ್ನು ಪೇಪರಿನಲ್ಲೇ ಒರೆಸಬೇಕು, ನೀರು ಹಾಕಿದರೆ ಇನ್ನೂ ಹರಡುತ್ತದೆ. ಸಿಪ್ಪೆ ದನಗಳಿಗೆ. ಬೇಳೆಯನ್ನು ಉಪ್ಪುನೀರಲ್ಲಿ ಬೇಯಿಸಿ ಒಣಗಿಸಿ ಸಾಂತಾಣಿ ಮಾಡಿಟ್ಟೆ. ಬರಿಯ ಸೊಳೆಯನ್ನು ಅಟ್ಟಿನಳಗೆಯಲ್ಲಿ ಹಬೆಗೆ ಇಟ್ಟು, ಬೆರಳಲ್ಲಿ ಒತ್ತಿದರೆ ಕುಸಿಯುವಷ್ಟು ಬೇಯಿಸಿದೆ. ನೀರಲ್ಲಿ ಹಾಕಿ ಬೇಯಿಸಬಾರದು. ನೀರು ಹಿಡಿದ ಹಿಟ್ಟು ತಟ್ಟಲು ಬರುವುದಿಲ್ಲ, ಒಣಗುವುದೂ ಇಲ್ಲ.

ಬೆಂದದ್ದನ್ನು ಬಿಸಿ ಇರುವಾಗಲೇ ರುಬ್ಬಬೇಕು. "ಆರಿರೆ ಗಂಟು ಕಟ್ಟುಗು" ಎಂದು ಅತ್ತೆ ಬಾಗಿಲಲ್ಲಿ ಕೂತು ಅವಸರ ಮಾಡುತ್ತಿದ್ದರು. ಒಣಮೆಣಸು, ಕೊತ್ತಂಬರಿ, ಜೀರಿಗೆ, ಉಪ್ಪು ಮೊದಲೇ ಪುಡಿ ಮಾಡಿಟ್ಟಿದ್ದೆ. ಗ್ರೈಂಡರಿನಲ್ಲಿ ನೀರು ಹಾಕದೆ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಕೊನೆಗೆ ಮಗಳು ಒನಕೆಯಲ್ಲಿ ಗುದ್ದಿ ನುಣ್ಣಗೆ ಮಾಡಿದಳು. ನೆಲ್ಲಿಕಾಯಿ ಗಾತ್ರದ ಉಂಡೆ. ಹಾಲಿನ ಪ್ಯಾಕೆಟ್ಟು ಸೀಳಿ ತೊಳೆದ ಎರಡು ಹಾಳೆಗೆ ಎಣ್ಣೆ ಸವರಿ, ನಡುವೆ ಉಂಡೆ ಇಟ್ಟು, ಮಣೆಯಿಂದ ಒಂದೇ ಒತ್ತು. ನಡುವೆ ತೆಳು, ಅಂಚು ದಪ್ಪ ಆಗಬಾರದು. ಹಾಗಾದರೆ ಕರಿಯುವಾಗ ನಡು ಸೀಯುತ್ತದೆ, ಅಂಚು ಅರಳುವುದಿಲ್ಲ. ಸರಿ ಬರಲು ನನಗೆ ಸುಮಾರು ನೂರು ಹಪ್ಪಳ ಬೇಕಾಯಿತು.

ಒಣಗಿಸಿದ್ದು ಅಂಗಳದಲ್ಲಿ, ಮುಂಡುವಿನ ಚಾಪೆಯ ಮೇಲೆ. ಬೆಳಗ್ಗೆ ಎಂಟಕ್ಕೆ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಅಂಚು ಎದ್ದುಕೊಳ್ಳುತ್ತದೆ, ಆಗ ಮಗುಚಬೇಕು. ಎರಡು ಬಿಸಿಲು ಗಟ್ಟಿ ಬೇಕು. ಬಾಗಿಸಿದರೆ ಬಗ್ಗದೆ ಪಟ್ಟನೆ ಮುರಿದರೆ ಒಣಗಿತು. ಏಪ್ರಿಲ್ ಕೊನೆಯಲ್ಲಿ ಒಂದು ಸಂಜೆ ಗುಡುಗಿತು. ಎಲ್ಲರೂ ಓಡಿ ಚಾಪೆ ಸಮೇತ ಎತ್ತಿ ಜಗಲಿಗೆ ತಂದೆವು, ಆದರೂ ಒಂದು ಚಾಪೆ ನೆನೆಯಿತು. ಅದನ್ನು ಹಾಗೇ ಬಿಟ್ಟಿದ್ದರೆ ಬೂಸಲು ಬರುತ್ತಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ಹರಡಿ ಹೊಗೆಯ ಶಾಖಕ್ಕೆ ಒಣಗಿಸಿದೆ. ಅವಕ್ಕೆ ತುಸು ಹೊಗೆಯ ವಾಸನೆ ಬಂತು. ಇವರಿಗೆ ಅದೇ ಹೆಚ್ಚು ಇಷ್ಟವಾಯಿತು.

ಹಪ್ಪಳದ ಜೊತೆಗೇ ಉಪ್ಪುಸೊಳೆ ಹಾಕಿದೆ. ಇದಕ್ಕೂ ಬೆಳೆದ ಕಾಯಿಯ ಸೊಳೆಯೇ. ಬೇಯಿಸುವುದಿಲ್ಲ. ಐದು ಬಟ್ಟಲು ಸೊಳೆಗೆ ಒಂದು ಬಟ್ಟಲು ಕಲ್ಲುಪ್ಪು, ಪದರ ಪದರವಾಗಿ ಒಣಗಿದ ಭರಣಿಗೆ ತುಂಬಿ, ಮೇಲೆ ಭಾರ ಇಟ್ಟು ಬಾಯಿಗೆ ಬಟ್ಟೆ ಕಟ್ಟುವುದು. ನಾಲ್ಕೈದು ದಿನದಲ್ಲಿ ನೀರು ಬಿಟ್ಟು ಸೊಳೆ ಕೆಳಗೆ ಇಳಿಯುತ್ತದೆ. ಮೇಲೆ ತೇಲುವ ಒಂದು ಸೊಳೆ ಉಳಿದರೂ ಅಲ್ಲಿಂದ ಕೊಳೆಯಲು ಶುರು. ಅಂಗಡಿಯಲ್ಲಿ ಆ ವಾರ ಕಲ್ಲುಪ್ಪು ಕಡಿಮೆ ಸಿಕ್ಕಿತ್ತು, ಉಳಿಸೋಣವೆಂದು ನಾನು ಹಿಡಿತದಲ್ಲಿ ಹಾಕುತ್ತಿದ್ದೆ. "ಉಪ್ಪು ಹಾಕುವಗ ಕೈ ಹಿಡಿವಲಾಗ" ಎಂದು ಅತ್ತೆ ಎದ್ದೇ ಬಂದರು, ಮೊಣಕಾಲು ಮರೆತು. ಕಿಟ್ಟಿನಲ್ಲಿ ಬಂದ ಪುಡಿ ಉಪ್ಪನ್ನೂ ಮೇಲೆ ಸುರಿಸಿದರು. ಆ ಭರಣಿಯ ಒಂದು ಸೊಳೆಯೂ ಕೆಡಲಿಲ್ಲ.

ಇಷ್ಟಕ್ಕೆಲ್ಲ ನೀರು ಸುರಂಗದ್ದು. ನಮ್ಮ ಗುಡ್ಡದೊಳಗೆ ಅಜ್ಜನ ಕಾಲದಲ್ಲಿ ಅಡ್ಡಕ್ಕೆ ಕೊರೆಸಿದ್ದು, ಒಬ್ಬ ಬಗ್ಗಿ ನಡೆಯುವಷ್ಟು ಎತ್ತರ. ಏಪ್ರಿಲಿನಲ್ಲಿ ಹೆಬ್ಬೆರಳಷ್ಟು ದಪ್ಪದ ಧಾರೆ. ಎಲ್ಲರೂ ಮನೆಯಲ್ಲೇ ಇದ್ದು ದಿನಕ್ಕೆ ಹತ್ತು ಸಲ ಕೈ ತೊಳೆಯುವಾಗ ಟ್ಯಾಂಕಿ ತುಂಬಲು ಇಡೀ ರಾತ್ರಿ ಬೇಕಾಗುತ್ತಿತ್ತು. ಕೈ ತೊಳೆದ ನೀರು ಬಸಳೆಯ ಬುಡಕ್ಕೆ ಹೋಗುವ ಹಾಗೆ ಮಗ ಹಳೆಯ ಪೈಪು ಜೋಡಿಸಿಕೊಟ್ಟ.

ಮೇ 26ರಿಂದ ಮಗಳ ಉಳಿದ ಮೂರು ಪರೀಕ್ಷೆ ನಡೆಯಿತು. ಅವಳ ಮಾಸ್ಕು ನಾನು ಹಳೆಯ ಬೈರಾಸಿನಲ್ಲಿ ಹೊಲಿದದ್ದು. ಜೂನ್ 1ಕ್ಕೆ ಮಕ್ಕಳಿಗೆ ಟಿವಿಯಲ್ಲಿ ಪಾಠ ಶುರುವಾಯಿತು, ಮಲಯಾಳದಲ್ಲಿ. ಮಗ ಕನ್ನಡ ಮಾಧ್ಯಮ. ಅವನ ಟೀಚರು ವಾಟ್ಸಾಪಿನಲ್ಲಿ ಕನ್ನಡದಲ್ಲಿ ಹೇಳಿ ಕಳಿಸುತ್ತಿದ್ದ ಪಾಠ ಕೇಳಲು ಗುಡ್ಡದ ತುದಿಗೆ ಹೋಗಬೇಕಿತ್ತು, ಮನೆಯಲ್ಲಿ ರೇಂಜ್ ಇಲ್ಲ. ಮಳೆ ಹಿಡಿದ ಮೇಲೆ ಕೊಡೆ ಹಿಡಿದು ಅವನ ಜೊತೆ ನಾನೂ ನಿಲ್ಲುತ್ತಿದ್ದೆ. ಆ ಮಕ್ಕಳು ಕಳೆದುಕೊಂಡದ್ದು ಬಹಳ. ಅದರ ಬಗ್ಗೆ ನಮ್ಮ ಜಿಲ್ಲೆಯ ಕನ್ನಡದ ಅಮ್ಮಂದಿರೆಲ್ಲ ಕೂತು ಬರೆಯಬೇಕು.

ಮಳೆಗಾಲದ ಆಟಿ ತಿಂಗಳಲ್ಲಿ ಭರಣಿ ತೆರೆದೆ. ಸೊಳೆಯನ್ನು ನೀರಲ್ಲಿ ಹಾಕಿ, ಎರಡು ಮೂರು ಸಲ ನೀರು ಬದಲಿಸಿ, ಉಪ್ಪು ಬಿಡಿಸಿ ಹಿಂಡಿ, ನೆನೆಸಿದ ಅಕ್ಕಿ, ಕಾಯಿತುರಿ ಸೇರಿಸಿ ಗಟ್ಟಿಗೆ ರುಬ್ಬಿ ಉಂಡ್ಲಕಾಳು ಕರಿದೆ. ಹೊರಗೆ ಜಡಿಮಳೆ. ಅತ್ತೆ ಹಲ್ಲಿಲ್ಲದ ಬಾಯಲ್ಲಿ ಒಂದನ್ನು ಬಹಳ ಹೊತ್ತು ಇಟ್ಟುಕೊಂಡರು.

ರಸ್ತೆ ತೆರೆದ ಮೇಲೂ ಕೂಡಲೇ ಹೋಗಲಿಲ್ಲ, ಎರಡೂ ಮನೆಯಲ್ಲಿ ವಯಸ್ಸಾದವರು. ನವರಾತ್ರಿಗೆ ಹೋದೆ. ಮಣ್ಣು ಸುರಿದಿದ್ದ ಜಾಗದಲ್ಲಿ ರಸ್ತೆಯ ಬದಿ ಇನ್ನೂ ಕೆಂಪಾಗಿತ್ತು, ಅದರ ಮೇಲೆ ಹುಲ್ಲು ಬಂದಿತ್ತು. ಚೀಲದಲ್ಲಿ ಇಪ್ಪತ್ತೈದರ ನಾಲ್ಕು ಕಟ್ಟು ಹಪ್ಪಳ, ಬಾಳೆನಾರಿನಲ್ಲಿ ಕಟ್ಟಿದ್ದು. ಅಮ್ಮ ಒಂದನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದಳು. ಅಂಚಿನಲ್ಲಿ ಮುರಿದು ಸದ್ದು ಕೇಳಿದಳು. ಆಮೇಲೆ ಒಲೆ ಹೊತ್ತಿಸಿ ತಾನೇ ಕರಿದು, ಒಂದು ತುಂಡು ಬಾಯಿಗೆ ಹಾಕಿಕೊಂಡಳು.

"ಉಪ್ಪು ರಜ್ಜ ಹೆಚ್ಚಾತು" ಎಂದಳು.

"ಅದು ಅತ್ತೆಯ ಲೆಕ್ಕ" ಎಂದೆ.

ನಾನು ಬಾಣಲೆ ಇಳಿಸಲು ಹೋದೆ. ಅಮ್ಮ ಕೈ ತಡೆದು, ಇನ್ನೂ ನಾಲ್ಕು ಹಪ್ಪಳ ಎಣಿಸಿ ಎಣ್ಣೆಯ ಪಕ್ಕದಲ್ಲಿಟ್ಟಳು.