ನಾಯಿಕೆಮ್ಮಿನಿಂದ ಹಸುಗೂಸನ್ನು ಕಾಯುವುದು ಹೇಗೆ?

ಅಜ್ಜಿಯರ ಕಾಲದ ಕಾಯಿಲೆಯೆಂದು ಮರೆತಿದ್ದ ನಾಯಿಕೆಮ್ಮು, ಕೋವಿಡ್ ನಿರ್ಬಂಧಗಳು ಸಡಿಲಗೊಂಡ ಮೇಲೆ ಹಲವು ದೇಶಗಳಲ್ಲಿ ಮರಳಿ ಬಂದಿದೆ. ಇಂಗ್ಲೆಂಡೊಂದರಲ್ಲೇ 2024ರಲ್ಲಿ ಸುಮಾರು 15 ಸಾವಿರ ಪ್ರಕರಣಗಳು ದೃಢಪಟ್ಟು, 10ಕ್ಕೂ ಹೆಚ್ಚು ಹಸುಗೂಸುಗಳು ತೀರಿಕೊಂಡವು. ನಮ್ಮಲ್ಲಿ ಮಕ್ಕಳ ಲಸಿಕೆ ಉಚಿತವಾಗಿಯೇ ಸಿಗುತ್ತದೆ. ಜನ ಎಡವುವುದು ಅದನ್ನು ಪೂರ್ತಿಗೊಳಿಸುವಲ್ಲಿ.

ಮೊದಲ ಹೆಜ್ಜೆ ಬಸುರಿಯದು. 27ರಿಂದ 36ನೇ ವಾರದೊಳಗೆ ನಾಯಿಕೆಮ್ಮನ್ನೂ ತಡೆಯುವ ಟಿಡ್ಯಾಪ್ ಲಸಿಕೆ ಪಡೆದರೆ, ಲಸಿಕೆಯ ವಯಸ್ಸು ಬರುವವರೆಗೂ ತಾಯಿಯ ಪ್ರತಿಕಾಯಗಳೇ ಕೂಸನ್ನು ಕಾಯುತ್ತವೆ. ಬಸುರಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಹಾಕುವ ಟಿಡಿ ಸೂಜಿ ಧನುರ್ವಾಯು ಮತ್ತು ಗಂಟಲಮಾರಿಗೆ ಮಾತ್ರವಾದ್ದರಿಂದ, ಟಿಡ್ಯಾಪ್ ಎಂದು ಹೆಸರು ಹಿಡಿದೇ ವೈದ್ಯರನ್ನು ಕೇಳಬೇಕು.

ಎರಡನೆಯದು ಸುಲಭ: ಕೂಸಿಗೆ 6, 10 ಮತ್ತು 14ನೇ ವಾರಗಳಲ್ಲಿ ಪೆಂಟಾವಲೆಂಟ್, ಅಂದರೆ ನಾಯಿಕೆಮ್ಮೂ ಸೇರಿ ಐದು ಕಾಯಿಲೆಗಳ ಲಸಿಕೆ.

ಎಲ್ಲ ಕೆಡುವುದು ಮೂರನೆಯ ಹೆಜ್ಜೆಯಲ್ಲಿ. ಒಂಬತ್ತು ತಿಂಗಳ ದಡಾರದ ಸೂಜಿಯಾದೊಡನೆ ಎಲ್ಲ ಮುಗಿಯಿತೆಂದು ತಾಯಿ ಕಾರ್ಡನ್ನು ಬೀರುವಿನಲ್ಲಿಡುವ ಮನೆಗಳೇ ಹೆಚ್ಚು. ಆದರೆ ನಾಯಿಕೆಮ್ಮಿನ ಲಸಿಕೆಯ ಬಲ ವರ್ಷ ಕಳೆದಂತೆ ಕುಗ್ಗುವುದರಿಂದ, 16ರಿಂದ 24 ತಿಂಗಳೊಳಗೆ ಒಂದು ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಲಸಿಕೆ) ಬೂಸ್ಟರ್, 5ರಿಂದ 6 ವರ್ಷದೊಳಗೆ ಇನ್ನೊಂದು ಬೀಳಲೇಬೇಕು. ಶಾಲೆಗೆ ಹೋಗುವ ಅಕ್ಕ ತರುವ ಕೆಮ್ಮೇ ತೊಟ್ಟಿಲಿನ ತಮ್ಮನಿಗೆ ತಗಲುವುದು. ತವರಿನಲ್ಲಿ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಡುವಾಗ ಕಾರ್ಡು ಅಲ್ಲೇ ಉಳಿದು, ಯಾವ ಡೋಸ್ ಆಗಿದೆಯೆಂಬುದೇ ತಿಳಿಯದಂತಾಗುತ್ತದೆ. ಕಾರ್ಡಿನ ಎರಡೂ ಬದಿಯ ಚಿತ್ರವನ್ನು ತಂದೆಯ ಮೊಬೈಲಿನಲ್ಲೂ ಇಟ್ಟುಕೊಳ್ಳಿ. ನಡುವೆ ಒಂದು ಡೋಸ್ ತಪ್ಪಿದ್ದರೆ ಮೊದಲಿನಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದಲೇ ಮುಂದುವರಿಸಿದರೆ ಸಾಕು. ಸಾಧಾರಣ ನೆಗಡಿಯೂ ಸೂಜಿಯನ್ನು ಮುಂದೂಡಲು ಕಾರಣವಲ್ಲ. ಚುಚ್ಚಿದ ರಾತ್ರಿ ಜ್ವರ ಬಂದು ತೊಡೆ ಊದಿಕೊಂಡರೆ, ಮಗುವಿನ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಮತ್ತು ತಣ್ಣೀರ ಬಟ್ಟೆ ಸಾಕಾಗುತ್ತದೆ. ಇದಕ್ಕೆ ಹೆದರಿ ಖಾಸಗಿಯಲ್ಲಿ ‘ನೋವಿಲ್ಲದ ಸೂಜಿ’ಗೆ ಸಾವಿರಾರು ರೂಪಾಯಿ ಸುರಿಯುವವರಿದ್ದಾರೆ, ಅದರ ರಕ್ಷಣೆ ಬೇಗ ಇಳಿಯುವುದರಿಂದ ನನ್ನ ಮತ ಅಂಗನವಾಡಿಯ ಸೂಜಿಗೇ.

ಇಷ್ಟಾದರೂ ಮನೆಯಲ್ಲಿ ಯಾರಿಗಾದರೂ ಎರಡು ವಾರ ದಾಟಿದ ಕೆಮ್ಮಿದ್ದರೆ ಕೂಸನ್ನು ಅವರ ಮಡಿಲಿಗೆ ಕೊಡಬೇಡಿ, ನೋಡಲು ಬಂದ ನೆಂಟರಾದರೂ ಸರಿಯೇ. ಸಿರಪ್ಪುಗಳಿಂದ ಈ ಕೆಮ್ಮು ನಿಲ್ಲದು, ಎರಡು ವರ್ಷದೊಳಗಿನವರಿಗೆ ಅವು ಅಪಾಯಕಾರಿ ಕೂಡ. ವರ್ಷ ತುಂಬದ ಮಗುವಿಗೆ ಜೇನುತುಪ್ಪವನ್ನೂ ನೆಕ್ಕಿಸಬಾರದು. ವೈದ್ಯರು ಕೊಡುವ ಅಜಿಥ್ರೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ಮೊದಲ ವಾರಗಳಲ್ಲೇ ಆರಂಭವಾದರೆ ಮಾತ್ರ ಕಾಯಿಲೆಯ ಬಿರುಸು ತಗ್ಗುತ್ತದೆ. ತಡವಾದರೆ ಅದು ಹರಡುವುದನ್ನಷ್ಟೇ ತಡೆದೀತು. ಔಷಧಿ ಶುರುವಾಗಿ ಐದು ದಿನ ಕಳೆಯುವವರೆಗೆ ದೊಡ್ಡ ಮಗುವನ್ನು ಶಾಲೆಗೆ ಕಳುಹಿಸಬೇಡಿ.

ಕೆಮ್ಮಿನ ಕೊನೆಗೆ ಉಸಿರೆಳೆಯುವಾಗ ಬರುವ, ಈ ಕಾಯಿಲೆಗೆ ಹೆಸರಾದ ‘ಊಪ್’ ಸದ್ದು ತೀರಾ ಎಳೆಯ ಕೂಸಿನಲ್ಲಿ ಕೇಳದೆಯೇ ಹೋಗಬಹುದು. ಕೆಮ್ಮಿನ ನಡುವೆ ಉಸಿರು ನಿಂತಂತಾಗುವುದು, ತುಟಿ ನೀಲಿಯಾಗುವುದು, ಹಾಲು ಕುಡಿಯದಿರುವುದು ಕಂಡರೆ, ರಾತ್ರಿಯಾದರೂ ಸರಿ, ಆಮ್ಲಜನಕದ ವ್ಯವಸ್ಥೆಯಿರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಿರಿ. 108ಕ್ಕೆ ಕರೆ ಮಾಡುವಾಗ ಮಗುವಿನ ವಯಸ್ಸನ್ನು ವಾರಗಳ ಲೆಕ್ಕದಲ್ಲಿ ಹೇಳಿ.